ದೆವ್ವ ಕುಣಿಸಿದ ಕೈಗಳು

ಭಯದ ಸಿನಿಮಾ ಹೇಗೆ ತಯಾರಾಯಿತೆಂದು ಗೊತ್ತಾದರೆ ಭಯವೇ ಹೋಗಿಬಿಡುತ್ತದೆ ಎನ್ನುವವರಿದ್ದಾರೆ. ಶಹಾಡಿನ ನಮ್ಮ ಮನೆಯಲ್ಲಿ ಕುಳಿತು ‘78/52’ ಎಂಬ ಸಾಕ್ಷ್ಯಚಿತ್ರ ನೋಡಿದಾಗ ನನಗೆ ಹಾಗನ್ನಿಸಲಿಲ್ಲ. ಹಿಚ್‌ಕಾಕ್ ಅವರ ‘ಸೈಕೋ’ (1960) ಚಿತ್ರದ ಬಚ್ಚಲುಮನೆಯ ಕೊಲೆ ದೃಶ್ಯ ನಿಮಗೆ ನೆನಪಿರಬಹುದು. ಆ ಒಂದೇ ದೃಶ್ಯದ ಮೇಲೆ 2017ರಲ್ಲಿ ಬಂದ ಪೂರ್ತಿ ಚಿತ್ರವಿದು. 78 ಸಲ ಕ್ಯಾಮೆರಾ ಜಾಗ ಬದಲಿಸಿ, 52 ಕಡೆ ಕತ್ತರಿಸಿ ಜೋಡಿಸಿದ್ದರಿಂದ ಆ ಹೆಸರು. ರಕ್ತವೆಂದು ಹರಿದದ್ದು ಚಾಕಲೇಟ್ ಸಿರಪ್. ಚೂರಿಯ ಸದ್ದು ಬಂದದ್ದು ಕರಬೂಜದ ಹಣ್ಣಿಗೆ ಇರಿದು!

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದವರು ಮಾರ್ಲಿ ರೆನ್‌ಫ್ರೋ. ಆ ದೃಶ್ಯದಲ್ಲಿ ನಾಯಕಿ ಜಾನೆಟ್ ಲೀಗೆ ಡೂಪ್ ಆಗಿದ್ದವರು. ಹಿಚ್‌ಕಾಕ್ 1980ರಲ್ಲಿ, ಜಾನೆಟ್ ಲೀ 2004ರಲ್ಲಿ ತೀರಿಕೊಂಡರು. ಪೋಸ್ಟರಿನಲ್ಲಿ ಹೆಸರಿಲ್ಲದ ಈಕೆ ಅರ್ಧ ಶತಮಾನ ದಾಟಿದ ಮೇಲೆ ಕ್ಯಾಮೆರಾ ಮುಂದೆ ಕುಳಿತು ಅಂದಿನ ಕಥೆ ಹೇಳುತ್ತಾರೆ.

ಆಗ ನೆನಪಾದದ್ದು ನಮ್ಮ ‘ನಾ ನಿನ್ನ ಬಿಡಲಾರೆ’ (1979). ಅನಂತನಾಗ್, ಲಕ್ಷ್ಮಿ ಜೋಡಿಯ ಈ ಚಿತ್ರದ ಹೆಸರೆತ್ತಿದರೆ ಇಂದಿಗೂ ನಮ್ಮ ವಯಸ್ಸಿನವರು ಒಮ್ಮೆ ಹಿಂತಿರುಗಿ ನೋಡುತ್ತಾರೆ. ಮುಂಬಯಿಗೂ ಇದಕ್ಕೂ ನಂಟಿದೆ. ಅನಂತನಾಗ್ ನಟನೆ ಕಲಿತದ್ದು ಇಲ್ಲಿನ ಕನ್ನಡ, ಕೊಂಕಣಿ, ಮರಾಠಿ ನಾಟಕಗಳಲ್ಲಿ. ಇದೇ ಕಥೆ 1981ರಲ್ಲಿ ‘ಮಂಗಳಸೂತ್ರ’ ಎಂದು ಹಿಂದಿಯಲ್ಲಿ ಬಂತು. ನಾಯಕಿ ರೇಖಾ, ನಾಯಕ ಮತ್ತೆ ನಮ್ಮ ಅನಂತನಾಗ್. ನಿರ್ದೇಶಕರೂ ಅದೇ ವಿಜಯ್. ಕನ್ನಡದ ದೆವ್ವ ಹಿಂದಿ ಕಲಿತದ್ದು ಹೀಗೆ.

ಆ ವಿಜಯ್ ಹೋದದ್ದು 2020ರ ಅಕ್ಟೋಬರಿನಲ್ಲಿ. ಕನ್ನಡ ಚಿತ್ರಕ್ಕೆ ಸಂಗೀತ ಕೊಟ್ಟ ರಾಜನ್-ನಾಗೇಂದ್ರ ಜೋಡಿಯಲ್ಲಿ ಉಳಿದಿದ್ದ ರಾಜನ್ ಕೂಡ ಅದೇ ತಿಂಗಳು ಹೋದರು. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ನಮ್ಮನ್ನು ಹೆದರಿಸಿದ್ದು ಬೆಳಕು, ಮೇಕಪ್, ಸಂಗೀತ ಮತ್ತು ನಟರ ಕಣ್ಣು. ಆ ಕೆಲಸದ ಗುಟ್ಟು ಇದ್ದದ್ದು ಪುಸ್ತಕದಲ್ಲಲ್ಲ, ಮಾಡಿದವರ ಕೈಯಲ್ಲಿ. ಕೈ ಹೋದರೆ ಗುಟ್ಟೂ ಹೋಯಿತು. ಸಿನಿಮಾ ಮಾತ್ರ ಯೂಟ್ಯೂಬಿನಲ್ಲಿ ಉಳಿದರೆ ಸಾಕೇ?

ಸಾಕ್ಷ್ಯಚಿತ್ರ ಮಾಡಲು ದೊಡ್ಡ ಕಂಪನಿಯೇ ಬರಬೇಕೆಂದಿಲ್ಲ. ಡೊಂಬಿವಲಿ, ಕಲ್ಯಾಣ್, ಠಾಣೆಯ ನಮ್ಮವರಲ್ಲಿ ಸ್ಟುಡಿಯೋಗಳಲ್ಲಿ ಲೈಟ್ ಹಿಡಿದವರು, ನಾಟಕಕ್ಕೆ ಬಣ್ಣ ಹಚ್ಚಿದವರು, ಪರದೆ ಎಳೆದವರು ಇದ್ದರೆ ಈ ಭಾನುವಾರ ಅವರ ಮನೆಗೆ ಹೋಗಿ. ಚಹಾ ಕುಡಿಯುತ್ತಾ ಮೊಬೈಲನ್ನು ಎದುರಿಗಿಟ್ಟು ಒಂದೇ ಪ್ರಶ್ನೆ ಕೇಳಿ: “ಅಣ್ಣಾ, ಅದನ್ನು ಹೇಗೆ ಮಾಡಿದಿರಿ?”