ಕತ್ತರಿಗೆ ಕಾರಣ ಬೇಡವೇ?

ಹೊಸ ಪಠ್ಯಪುಸ್ತಕವನ್ನು ಕೈಗೆತ್ತಿಕೊಂಡ ಬಾಲಕನು ಅದರಲ್ಲಿ ಇದ್ದುದನ್ನು ಓದುವನೇ ಹೊರತು, ಅದರೊಳಗಿಂದ ತೆಗೆದುಹಾಕಿದುದನ್ನು ಅರಿಯಲಾರನು. ದೊಡ್ಡವರ ಗ್ರಂಥವನ್ನು ನಿಷೇಧಿಸಿದರೆ ಕೂಗೇಳುವುದು. ಮಕ್ಕಳ ಪುಸ್ತಕದಿಂದ ನಾಲ್ಕು ಸಾಲು ಅಳಿಸಿದರೆ ಸದ್ದೇ ಆಗುವುದಿಲ್ಲ. ಆ ನಿಶ್ಶಬ್ದವೇ ನಮಗೆ ಭಯವನ್ನುಂಟುಮಾಡುತ್ತದೆ.

1910ರಲ್ಲಿ ಮುಂಬಯಿ ಸರಕಾರವು ಗಾಂಧೀಜಿಯವರ ‘ಹಿಂದ್ ಸ್ವರಾಜ್’ ಗ್ರಂಥದ ಗುಜರಾತಿ ಆವೃತ್ತಿಯನ್ನು ನಿಷೇಧಿಸಿತು. ಪರಕೀಯರ ಸರಕಾರವಾದರೂ ತಾನು ಮಾಡಿದುದನ್ನು ಅದು ಪ್ರಕಟವಾಗಿಯೇ ಮಾಡಿತು. ಆದುದರಿಂದಲೇ 1919ರ ಎಪ್ರಿಲ್ 6ರಂದು ಅದೇ ಪುಸ್ತಕವನ್ನು ಮುಂಬಯಿಯ ಬೀದಿಗಳಲ್ಲಿ ಮಾರಿ ಆ ಕಾಯಿದೆಯನ್ನು ಧಿಕ್ಕರಿಸುವುದು ಸತ್ಯಾಗ್ರಹಿಗಳಿಗೆ ಸಾಧ್ಯವಾಯಿತು. ನಿಷಿದ್ಧವಾದುದು ಯಾವುದೆಂದು ಗೊತ್ತಿದ್ದರಲ್ಲವೇ ಅದನ್ನು ಹುಡುಕಿ ಓದುವುದು? ಸ್ವತಂತ್ರ ಭಾರತದ ಶಾಲಾಪುಸ್ತಕಗಳ ಮೇಲೆ ಆಡುತ್ತಿರುವ ಕತ್ತರಿಗೆ ಅಷ್ಟು ಪ್ರಾಮಾಣಿಕತೆಯೂ ಇಲ್ಲವಾಗಿದೆ.

ದಿಲ್ಲಿಯ ಎನ್‌ಸಿಇಆರ್‌ಟಿ ಮಂಡಳಿಯು 2022ರಲ್ಲಿ, ಕೋವಿಡ್ ಪಿಡುಗಿನ ತರುವಾಯ ಮಕ್ಕಳ ಹೊರೆಯನ್ನು ಇಳಿಸುವೆವೆಂದು ಹೇಳಿ, ಕೈಬಿಡಲಿರುವ ಪಾಠಗಳ ಪಟ್ಟಿಯೊಂದನ್ನು ಹೊರಡಿಸಿತು. 12ನೆಯ ಇಯತ್ತೆಯ ಇತಿಹಾಸದಿಂದ ಮೊಗಲರ ಆಸ್ಥಾನಗಳ ಅಧ್ಯಾಯವೂ 10ನೆಯ ಇಯತ್ತೆಯ ವಿಜ್ಞಾನದಿಂದ ಜೀವವಿಕಾಸದ ಪಾಠವೂ ಹೋದವು. ಇವು ಪಟ್ಟಿಯಲ್ಲಿ ಇದ್ದವು. ಅವುಗಳ ಒಳಿತು ಕೆಡಕುಗಳನ್ನು ಚರ್ಚಿಸಬಹುದಾಗಿತ್ತು. ಆದರೆ 2023ರಲ್ಲಿ ಹೊಸ ಪುಸ್ತಕಗಳು ಬಂದಾಗ, ಪಟ್ಟಿಯಲ್ಲಿ ಹೇಳದೆ ಇದ್ದ ಸಾಲುಗಳೂ ಮಾಯವಾಗಿದ್ದವು. ಗಾಂಧೀಜಿಯವರ ಹಿಂದೂ-ಮುಸಲ್ಮಾನ ಐಕ್ಯದ ಪ್ರಯತ್ನವು ಯಾರನ್ನು ಕೆರಳಿಸಿತು, ಅವರ ಹತ್ಯೆಯಾದ ಮೇಲೆ ರಾಷ್ಟ್ರೀಯ ಸ್ವಯಂಸೇವಕ ಸಂಘವನ್ನು ಕೆಲಕಾಲ ನಿಷೇಧಿಸಿದ್ದು ಹೇಗೆ ಎಂಬ ಸಾಲುಗಳವು. ಪತ್ರಿಕೆಗಳು ಕೇಳಿದಾಗ, ಕಣ್ತಪ್ಪಾಗಿರಬಹುದೆಂದು ಮಂಡಳಿಯವರು ನುಡಿದರು; ಆದರೆ ಆ ಸಾಲುಗಳನ್ನು ಮರಳಿ ಸೇರಿಸಲು ಒಪ್ಪಲಿಲ್ಲ. ಕಣ್ತಪ್ಪಾದರೆ ತಿದ್ದಬೇಕು, ಕಂಡ ಮೇಲೂ ತಿದ್ದದಿದ್ದರೆ ಅದು ಕಣ್ತಪ್ಪು ಹೇಗಾದೀತು?

ಜೀವವಿಕಾಸದ ವಿಷಯವೂ ಸಣ್ಣದಲ್ಲ. 10ನೆಯ ಇಯತ್ತೆಯ ತರುವಾಯ ಜೀವಶಾಸ್ತ್ರವನ್ನು ಆರಿಸಿಕೊಳ್ಳದ ವಿದ್ಯಾರ್ಥಿಯು ಶಾಲೆಯಲ್ಲಿ ಆ ಪಾಠವನ್ನು ಮತ್ತೆ ಕಾಣಲಾರನು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು 1976ರಿಂದ ನಮ್ಮ ಸಂವಿಧಾನದ 51ಎ ಕಲಮಿನಲ್ಲಿ ಬರೆದಿದೆ. ಕರ್ತವ್ಯವನ್ನು ವಿಧಿಸಿ ಅದರ ಸಾಧನವನ್ನು ಕಸಿದುಕೊಳ್ಳುವುದು ಯಾವ ನ್ಯಾಯ?

ದಿಲ್ಲಿಯ ಮಾತು ಸಾಕು. ನಮ್ಮ ಮನೆಯನ್ನೂ ನೋಡೋಣ. 2022ರಲ್ಲಿ ಕರ್ನಾಟಕ ಸರಕಾರವು ಪುಸ್ತಕಗಳನ್ನು ಪರಿಷ್ಕರಿಸಿ 10ನೆಯ ಇಯತ್ತೆಯ ಕನ್ನಡ ಪುಸ್ತಕದಲ್ಲಿ ಹೆಡಗೇವಾರರ ಭಾಷಣವನ್ನು ಸೇರಿಸಿತು. 9ನೆಯ ಇಯತ್ತೆಯ ಪುಸ್ತಕದಲ್ಲಿ ಬಸವಣ್ಣನವರ ಪಾಠವನ್ನು ಬದಲಿಸಿದ್ದಕ್ಕೆ ಮಠಾಧೀಶರು ಆಕ್ಷೇಪಿಸಿದರು. ದೇವನೂರ ಮಹಾದೇವರು ತಮ್ಮ ಬರಹಕ್ಕೆ ಕೊಟ್ಟ ಒಪ್ಪಿಗೆಯನ್ನೇ ಹಿಂದೆಗೆದುಕೊಂಡರು. ಮರುವರುಷ ಬೇರೊಂದು ಪಕ್ಷ ಅಧಿಕಾರಕ್ಕೆ ಬಂದಿತು. 2023ರ ಜೂನ್ 15ರಂದು ಮಂತ್ರಿಮಂಡಲವು ಹೆಡಗೇವಾರ, ಸಾವರಕರರ ಪಾಠಗಳನ್ನು ಕೈಬಿಡಲು ನಿರ್ಣಯಿಸಿತು. ಶಾಲೆಗಳು ಆಗಲೇ ಆರಂಭವಾಗಿದ್ದವು. ಪುಸ್ತಕ ಅಚ್ಚಾಗಿ ಹೋಗಿದ್ದುದರಿಂದ, ಕೆಲವು ಪುಟಗಳ ಪೂರಕ ಪುಸ್ತಿಕೆಯನ್ನು ಹಂಚುವುದೆಂದಾಯಿತು. ಎರಡನೆಯ ನಿರ್ಣಯದ ದಿಕ್ಕು ನಮಗೆ ಹಿಡಿಸಿದರೂ, ಅದರ ರೀತಿ ಹಿಡಿಸಲಿಲ್ಲ. ಚುನಾವಣೆಯ ಫಲ ಬದಲಾದಂತೆ ಮಗುವಿನ ಪುಸ್ತಕ ಬದಲಾಗುವುದಾದರೆ, ಅದು ಪಾಠವಲ್ಲ, ಪಕ್ಷದ ಕರಪತ್ರ.

ಪುಸ್ತಕಗಳನ್ನು ಎಂದೂ ತಿದ್ದಬಾರದೇ ಎಂದು ಕೆಲವರು ಕೇಳುವರು. ಅವಶ್ಯವಾಗಿ ತಿದ್ದಬೇಕು. ಹೊಸ ಶೋಧಗಳು ಬರುತ್ತವೆ. ಹಳೆಯ ತಪ್ಪುಗಳು ಹೊರಬೀಳುತ್ತವೆ. ಮಗುವಿನ ಹೆಗಲಿಗೆ ಮಿತಿಯುಂಟು. ಆದರೆ ತೋಟಗಾರನು ಹಗಲಿನಲ್ಲಿ ಕೊಂಬೆ ಸವರುವನು. ಕಳ್ಳನು ರಾತ್ರಿಯಲ್ಲಿ ಕಡಿಯುವನು. ಭೇದವು ಕತ್ತರಿಯಲ್ಲಿಲ್ಲ, ಬೆಳಕಿನಲ್ಲಿದೆ. ನಾವು ನ್ಯಾಯಾಲಯದ ಮೆಟ್ಟಿಲು ತುಳಿದವರು. ನೋಟೀಸು ಕೊಡದೆ, ವಾದವನ್ನು ಕೇಳದೆ, ಕಾರಣವನ್ನು ಬರೆಯದೆ ಕೊಟ್ಟ ತೀರ್ಪು ಮೇಲಿನ ಕೋರ್ಟಿನಲ್ಲಿ ನಿಲ್ಲಲಾರದೆಂಬುದನ್ನು ಬಲ್ಲೆವು. ಒಂದು ಗೇಣು ಹೊಲದ ವ್ಯಾಜ್ಯಕ್ಕೆ ಇರುವ ಈ ರಕ್ಷಣೆ ಒಂದು ತಲೆಮಾರಿನ ಜ್ಞಾನಕ್ಕೆ ಬೇಡವೇ?

ಆದಕಾರಣ ನಾವು ಬೇಡುವುದು ಇಷ್ಟೇ. ತೆಗೆಯುವ ಪ್ರತಿಯೊಂದು ಸಾಲನ್ನೂ, ಸೇರಿಸುವ ಪ್ರತಿಯೊಂದು ಪಾಠವನ್ನೂ ಕಾರಣಸಹಿತ ಪ್ರಕಟಿಸಲಿ. ಸಲಹೆ ಕೊಟ್ಟವರ ಹೆಸರುಗಳೂ ಅದರೊಡನೆ ಇರಲಿ. ಅಚ್ಚಿಗೆ ಕೊಡುವ ಆರು ತಿಂಗಳು ಮೊದಲೇ ಶಿಕ್ಷಕರ ಆಕ್ಷೇಪಗಳನ್ನು ಕೇಳಲಿ. ಶಾಲೆ ಆರಂಭವಾದ ಮೇಲೆ ಯಾವ ಪುಟವನ್ನೂ ಮುಟ್ಟದಿರಲಿ. ಯಾವ ಪಕ್ಷದ ಸರಕಾರವಿದ್ದರೂ ಈ ನಿಯಮವು ಕಾಯಿದೆಯ ರೂಪದಲ್ಲಿ ನಿಲ್ಲಲಿ.

ಕೊನೆಗೆ ನಮ್ಮ ಶಾಲಾಮಾಸ್ತರರಿಗೆ ಒಂದು ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದಾಗ, ಕನ್ನಡದ ಮಕ್ಕಳಿಗೆ ಕನ್ನಡದ ಪಾಠ ದೊರೆಯಲೆಂದು ಹೆಣಗಿದವರು ವಿದ್ಯಾಖಾತೆಯವರೇ ಆದ ಡೆಪ್ಯೂಟಿ ಚೆನ್ನಬಸಪ್ಪನವರು. ಶಾಲೆಯಲ್ಲಿ ಇಲ್ಲದಿರುವುದು ಏನೆಂದು ಮೊದಲು ಕಾಣಬಲ್ಲವನು ಶಿಕ್ಷಕನೇ. ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿರಿ. ಪ್ರತಿಯೊಂದು ಶಾಲೆಯ ಕಪಾಟಿನಲ್ಲಿ ಒಂದೊಂದು ಪ್ರತಿಯನ್ನು ಕಾದಿಡಿರಿ. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ಓದುವ ಒಬ್ಬ ಮಾಸ್ತರನಿರುವ ವರೆಗೆ ಯಾವ ಕತ್ತರಿಯೂ ಕತ್ತಲಲ್ಲಿ ಆಡಲಾರದು.