ದೂರದರ್ಶಕಕ್ಕೊಂದು ವಯರು

ಅಮೆರಿಕದ ನೆಂಟರು ಕೊಟ್ಟ ಹಳೆಯ ದೂರದರ್ಶಕವನ್ನು, ಅದರಲ್ಲೂ 1970ರ ದಶಕದ ಸೆಲೆಸ್ಟ್ರಾನ್ ಸಿ-8 ಅನ್ನು, ಸುರಪುರದ ಗುಡ್ಡಕ್ಕೊಯ್ಯುವ ಉತ್ಸಾಹಿಯನ್ನು ಮೊದಲು ಕಾಡುವುದು ಕಳೆದುಹೋದ ವಯರು. ಶಹಾಪುರದಲ್ಲೋ ಯಾದಗಿರಿಯಲ್ಲೋ ಹಳೆಯ ರೇಡಿಯೋದ ವಯರೊಂದು ಸಿಕ್ಕೀತು, ಸರಿಯಾಗಿ ಕೂತೀತು ಕೂಡ. ಅಪಾಯವಿರುವುದು ಅಲ್ಲಿಯೇ! ಅಲ್ಲಿನ ಮೋಟಾರು 120 ವೋಲ್ಟಿನದು. ನಮ್ಮ ಗೋಡೆಯಲ್ಲಿ ಹರಿಯುವುದು 230. ಗುಂಡಿ ಒತ್ತಿದರೆ ಸುರುಳಿ ಸುಟ್ಟೀತು.

ಟ್ರಾನ್ಸ್‌ಫಾರ್ಮರ್ ಇಟ್ಟರೆ ಮೋಟಾರು ಉಳಿಯುತ್ತದೆ, ವೇಗ ಉಳಿಯದು. ಸೆಕೆಂಡಿಗೆ 60 ಆವರ್ತನಗಳಿಗೆ ಹೊಂದಿಸಿದ ಯಂತ್ರ ನಮ್ಮ 50ರಲ್ಲಿ ಮಂದವಾಗಿ, ಗಂಟೆಗೆ 15ರ ಬದಲು ಹನ್ನೆರಡೂವರೆ ಡಿಗ್ರಿ ಮಾತ್ರ ತಿರುಗುತ್ತದೆ. ಅಷ್ಟರಲ್ಲಿ ನಕ್ಷತ್ರ ಸುಮಾರು ಐದು ಹುಣ್ಣಿಮೆ ಚಂದ್ರರಷ್ಟು ಪಶ್ಚಿಮಕ್ಕೆ ಜಾರಿರುತ್ತದೆ. ತೂಗುಬಿಟ್ಟ ಭಾರದಿಂದ ತಿರುಗುತ್ತಿದ್ದ ಹಿಂದಿನ ದೂರದರ್ಶಕಗಳಿಗೆ ಈ ಹಂಗಿರಲಿಲ್ಲ.

ಕಾರಿನ ಬ್ಯಾಟರಿಯಿಂದ 120 ವೋಲ್ಟು, 60 ಆವರ್ತನ ಕೊಡುವ ಇನ್ವರ್ಟರ್ ಇದಕ್ಕೆ ತಕ್ಕ ಮದ್ದು. ಹೇಗೂ ಗುಡ್ಡದ ಮೇಲೆ ಗೋಡೆಯ ಪ್ಲಗ್ಗು ಇರುವುದಿಲ್ಲವಷ್ಟೆ.