ಮನೆ ಬಾಗಿಲ ತೋಪು ಮಕ್ಕಳಿಗೆ ಕಾಣದೆ?
ಶಾಲಾ ಪ್ರವಾಸವೆಂದರೆ ಬನ್ನೇರುಘಟ್ಟದ ಹುಲಿ, ಇಲ್ಲವೇ ಮೈಸೂರಿನ ಮೃಗಾಲಯ. ತಪ್ಪೇನಿಲ್ಲ. ಆದರೆ ದೇವನಹಳ್ಳಿ ತಾಲ್ಲೂಕಿನದೇ ಆದ ನಲ್ಲೂರು ಹುಣಸೆ ತೋಪನ್ನು ಏಳನೇ ಕ್ಲಾಸಿನ ಎಷ್ಟು ಮಕ್ಕಳು ಕಂಡಿದ್ದಾರೆ?

2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ಜಾಗವಿದು. 50 ಎಕರೆಗೂ ಮಿಕ್ಕಿದ ನೆಲ, ಶತಮಾನ ಕಂಡ ಮರಗಳು, ನಡುವೆ ಪಾಳುಬಿದ್ದ ಗುಡಿ. ಬುಡ ಟೊಳ್ಳಾದರೂ ಚಿಗುರುವ ಮುದಿ ಮರಗಳಿವೆ.

2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲ ಹೊಲಗಳೆಷ್ಟೋ ಸೈಟುಗಳಾದವು. ಎಕರೆಗೆ ಎಷ್ಟು ರೇಟು ಅಂತ ಇಲ್ಲಿನ ಹುಡುಗರಿಗೂ ಗೊತ್ತು. ಈ ನೆಲವನ್ನು ಯಾಕೆ ಮಾರಬಾರದು ಅಂತ ಹೇಳಿಕೊಡುವವರು ಬೇಕು. ಬರೀ ಬೋರ್ಡು ನೆಟ್ಟರೆ ತೋಪು ಉಳಿಯದು. ಶಿಕ್ಷಣ, ಅರಣ್ಯ ಇಲಾಖೆಗಳು ಕೂಡಿ ವರ್ಷಕ್ಕೊಂದು ದಿನವಾದರೂ ಜಿಲ್ಲೆಯ ಮಕ್ಕಳನ್ನು ನಲ್ಲೂರಿನ ಬಸ್ಸು ಹತ್ತಿಸಲಿ.